ಕತ್ತು ಓರೆಯಾದ ಹೂವು

ನಮ್ಮ ದೊಡ್ಡಪ್ಪ ಯಾರನ್ನಾದರೂ ಬಾಯಿ ತುಂಬ ಹೊಗಳಿದ್ದನ್ನು ನಾನು ಈವರೆಗೆ ಕಂಡಿಲ್ಲ. ಕನ್ನಡಕದ ಅಂಗಡಿಯಲ್ಲಿ ನಲವತ್ತು ವರ್ಷ ಗಾಜು ಉಜ್ಜಿದವರು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅವರಿಗೆ ಸಹಿಸಲಾಗದು. ಹೂಗಿಡದ ಸಂಘದವರು ಹುಡುಕಿ ಹುಡುಕಿ ಇಂಥವರನ್ನೇ ಸ್ಲಿಪರ್ ಆರ್ಕಿಡ್‌ಗಳ ತೀರ್ಪುಗಾರರನ್ನಾಗಿ ಮಾಡಿಕೊಂಡಿದ್ದಾರೆ. ಗಿಡ ಬೆಳೆಸುವವರು ಬೆನ್ನ ಹಿಂದೆ ಅವರನ್ನು 'ಅರ್ಧ ಮಾರ್ಕು' ಎನ್ನುತ್ತಾರೆ. ನಾನು ಎದುರಿಗೇ ಅನ್ನುತ್ತೇನೆ.

ಆದರೆ ಇದು ದೊಡ್ಡಮ್ಮನ ಕಥೆ. ಅವಳು ನಮ್ಮಮ್ಮನ ಅಕ್ಕ, ಆಸ್ಪತ್ರೆಯ ಬಟ್ಟೆ ಕೋಣೆಯ ಮೇಲ್ವಿಚಾರಕಿ. ಒಗೆದು ಬಂದ ಒಂದೊಂದು ಹಾಸನ್ನೂ ಬೆಳಕಿಗೆ ಹಿಡಿದು, ಸಾಸಿವೆಯಷ್ಟು ಕಲೆ ಕಂಡರೂ ವಾಪಸು ಕಳಿಸುವವಳು. ಕಣ್ಣಿನ ವಿಷಯದಲ್ಲಿ ಗಂಡನಿಗಿಂತ ಏನೂ ಕಡಿಮೆಯಿಲ್ಲ. ಮದುವೆಯಾದಾಗಿನಿಂದ ಮನೆಯ ಹಿಂದಿನ ಕಿಟಕಿಯಲ್ಲಿ ಇಬ್ಬರೂ ಈ ಗಿಡ ಬೆಳೆಸುತ್ತಾ ಬಂದಿದ್ದಾರೆ. ಮೇಲೆ ಬೀಸಣಿಗೆಯ ಹಾಗೆ ನಿಂತ ಒಂದು ಅಗಲ ಎಸಳು, ಅಕ್ಕಪಕ್ಕ ಎರಡು, ಕೆಳಗೆ ಪುಟ್ಟ ಮಗುವಿನ ಚಪ್ಪಲಿಯ ತುದಿಯಂಥ ಚೀಲ. ದೊಡ್ಡಮ್ಮನ ಗಿಡ ಹೂ ಬಿಟ್ಟಾಗಲೆಲ್ಲ ದೊಡ್ಡಪ್ಪ ಕನ್ನಡಕವನ್ನು ಮೂಗಿನ ತುದಿಗೆ ಎಳೆದು ನೋಡಿ, "ಪರವಾಗಿಲ್ಲ" ಎಂದು ಹೊರಟುಬಿಡುತ್ತಿದ್ದರು. ಮೂವತ್ತು ವರ್ಷ ಅದೊಂದೇ ಮಾತು.

"ಊರಲ್ಲಿರೋರ ಹೂವಿಗೆಲ್ಲ ನೂರಕ್ಕೆ ಇಷ್ಟು ಅಂತ ಹಾಕ್ತೀರಲ್ಲ, ನನ್ನದಕ್ಕೂ ಹಾಕಿ" ಎಂದು ಅವಳು ಕೇಳಿದ್ದುಂಟು.

"ಮನೆಯವರ ಹೂವಿಗೆ ನಾನು ಮಾರ್ಕು ಹಾಕೋ ಹಾಗಿಲ್ಲ. ಸಂಘದ ನಿಯಮ" ಎನ್ನುತ್ತಿದ್ದರು ಅವರು.

ಹಾಗಾಗಿ ಆರು ವರ್ಷದ ಹಿಂದೆ ದೊಡ್ಡಮ್ಮ ಬೆರಳುದ್ದದ ಒಂದು ಸಸಿಯನ್ನು ಬಟ್ಟೆ ಚೀಲದಲ್ಲಿಟ್ಟುಕೊಂಡು ನನ್ನ ಮನೆಗೆ ಬಂದಳು. ನಮ್ಮ ಬಚ್ಚಲು ಮನೆಯ ಮಸುಕು ಗಾಜಿನ ಕಿಟಕಿ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಗಿಡ ಅವಳದು, ಸಂಘದ ಪ್ರದರ್ಶನಕ್ಕೆ ಕೊಡುವ ಹೆಸರು ನನ್ನದು. ಕೆಲಸ ಮುಗಿಸಿ ದಿನಾ ಬರುತ್ತಿದ್ದಳು. ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮಣ್ಣಿಗೆ ಬೆರಳಿಟ್ಟು ನೋಡಿ ಹೋಗುತ್ತಿದ್ದಳು. ಯಾರದು ಎಂದು ಗೊತ್ತಿಲ್ಲದೆ ದೊಡ್ಡಪ್ಪ ಒಮ್ಮೆ ತನ್ನ ಹೂವನ್ನು ನೋಡಬೇಕು, ಬೆಲೆ ಕಟ್ಟಬೇಕು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಆರನೆಯ ವರ್ಷ ಮೊಗ್ಗು ಬಂತು. ಅಲ್ಲಿ ನಾನು ಎಡವಟ್ಟು ಮಾಡಿದೆ. ಕಿಟಕಿ ತೊಳೆಯಲು ಕುಂಡ ಎತ್ತಿದವಳು, ವಾಪಸು ಇಡುವಾಗ ಹಿಂದುಮುಂದಾಗಿ ಇಟ್ಟೆ. ದೊಡ್ಡಮ್ಮನಿಗೆ ಜ್ವರ ಬಂದು ನಾಲ್ಕು ದಿನ ಬಂದಿರಲಿಲ್ಲ. ಬೆಳಕು ಹುಡುಕಿಕೊಂಡು ಮೊಗ್ಗು ಕತ್ತು ಹೊರಳಿಸಿಬಿಟ್ಟಿತ್ತು. ಐದನೆಯ ದಿನ ಬಂದವಳು ನೋಡಿ ಅಲ್ಲೇ ಬಕೆಟ್ಟಿನ ಮೇಲೆ ಕುಳಿತಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಕುಂಡವನ್ನು ಮೊದಲಿನಂತೆ ತಿರುಗಿಸಿ, ಸಣ್ಣ ಕಡ್ಡಿ ನೆಟ್ಟು, ಉಣ್ಣೆ ದಾರದಿಂದ ಕಟ್ಟಿ ಹೋದಳು. ಹೂವು ಅರಳಿತು. ಕತ್ತು ಮಾತ್ರ ಎಡಕ್ಕೆ ಚೂರು ಓರೆಯಾಗಿಯೇ ಉಳಿಯಿತು.

ಪ್ರದರ್ಶನದ ಸಭಾಂಗಣದಲ್ಲಿ ಕುಂಡಗಳಿಗೆ ನಂಬರು ಮಾತ್ರ, ಹೆಸರಿಲ್ಲ. ನಮ್ಮದು ಹದಿನಾಲ್ಕು. ಮೂವರು ತೀರ್ಪುಗಾರರು ಹಗ್ಗದ ಆಚೆ, ಗಿಡ ತಂದವರು ಈಚೆ. ಈಚೆಯವರು ಯಾರೂ ತುಟಿ ಬಿಚ್ಚುವಂತಿಲ್ಲ. ಮೂವರೂ ಬೇರೆ ಬೇರೆ ಚೀಟಿಯಲ್ಲಿ ಬರೆದುಕೊಟ್ಟ ಮೇಲೆ ಕಾರ್ಯದರ್ಶಿ ಒಂದೊಂದನ್ನೂ ಗಟ್ಟಿಯಾಗಿ ಓದುತ್ತಾರೆ. ದೊಡ್ಡಮ್ಮ ನನ್ನ ಹಿಂದೆ, ಕಂಬದ ಮರೆಯಲ್ಲಿ ನಿಂತಿದ್ದಳು.

ದೊಡ್ಡಪ್ಪ ಹದಿನಾಲ್ಕರ ಮುಂದೆ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ. ಅಳತೆಪಟ್ಟಿ ಹಿಡಿದರು, ಮೇಲಿನ ಎಸಳಿನ ಚುಕ್ಕೆಯ ಸಾಲುಗಳನ್ನು ಪೆನ್ಸಿಲ್ ತುದಿಯಿಂದ ಎಣಿಸಿದರು, ಚೀಲದ ಹೊಳಪನ್ನು ಟಾರ್ಚು ಬಿಟ್ಟು ನೋಡಿದರು. ಹತ್ತು ನಿಮಿಷ.

"ಬಣ್ಣಕ್ಕೆ ಪೂರ್ತಿ" ಎಂದರು ಪಕ್ಕದವರಿಗೆ. ಅರ್ಧ ಮಾರ್ಕಿನ ಬಾಯಲ್ಲಿ ಪೂರ್ತಿ ಎಂಬ ಮಾತು ಕೇಳಿ ಹಗ್ಗದ ಈಚೆ ಇದ್ದವರು ಮುಖ ಮುಖ ನೋಡಿಕೊಂಡರು. ಹಿಂದಿನಿಂದ ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದಳು.

ಅವರು ಬರೆದರು, ಚೀಟಿ ಮಡಿಸಿದರು. ಕಾರ್ಯದರ್ಶಿಯತ್ತ ಕೈ ಚಾಚುತ್ತಾ ಹೇಳಿದರು: "ಕತ್ತು ನೋಡಿ. ಮೊಗ್ಗಿದ್ದಾಗ ಕುಂಡ ತಿರುಗಿಸಿದ್ದಾರೆ. ಯಾರೋ ಏನೋ, ಬೆಳೆಸೋದು ಗೊತ್ತು, ತಾಳ್ಮೆ ಮಾತ್ರ ಇಲ್ಲ."

ತಾಳ್ಮೆ ಇಲ್ಲವಂತೆ. ಆರು ವರ್ಷ ಆಸ್ಪತ್ರೆಯಿಂದ ನನ್ನ ಬಚ್ಚಲಿಗೆ ನಡೆದವಳಿಗೆ ಈ ಮಾತೇ? ನನ್ನ ಮೈಯೆಲ್ಲ ಉರಿದುಹೋಯಿತು. ದೊಡ್ಡಮ್ಮನ ಬೆರಳು ಇನ್ನಷ್ಟು ಬಿಗಿಯಾದದ್ದು ಗೊತ್ತಾದರೂ ನಿಲ್ಲಲಿಲ್ಲ.

"ತಿರುಗಿಸಿದ್ದು ನಾನು ದೊಡ್ಡಪ್ಪ. ದೊಡ್ಡಮ್ಮ ಅಲ್ಲ."

ದೊಡ್ಡಪ್ಪ ನನ್ನನ್ನು ನೋಡಿದರು, ಕಂಬದ ಕಡೆ ನೋಡಿದರು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಚೀಟಿಯನ್ನು ಎರಡು ತುಂಡು, ಆಮೇಲೆ ನಾಲ್ಕು ತುಂಡು ಮಾಡಿ ಜೇಬಿಗೆ ಹಾಕಿಕೊಂಡು, "ಇದು ನನ್ನ ಹೆಂಡತಿಯ ಗಿಡ. ನಾನು ನೋಡೋ ಹಾಗಿಲ್ಲ" ಎಂದು ಹದಿನೈದನೆಯ ಕುಂಡಕ್ಕೆ ಹೋದರು.

ದೊಡ್ಡಮ್ಮ ನನ್ನ ಕೈ ಬಿಟ್ಟಳು. "ಇನ್ನೊಂದು ನಿಮಿಷ ಬಾಯಿ ಮುಚ್ಕೊಂಡಿದ್ರೆ ಓದ್ತಿದ್ರು ಕಣೇ" ಎಂದಳು. ಅವಳ ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ. ನಾನು ಹಾಳು ಮಾಡಿದ್ದು ಇದು ಎರಡನೆಯ ಸಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಂಜೆ ಗಿಡವನ್ನು ಅವರ ಮನೆಗೇ ಒಯ್ದೆವು. ಇನ್ನು ಯಾರಿಂದ ಮುಚ್ಚಿಡುವುದು? ದೊಡ್ಡಪ್ಪ ಊಟದ ಮೇಜಿನ ಹತ್ತಿರ ಶೂ ಕೂಡ ಬಿಚ್ಚದೆ ಕುಳಿತಿದ್ದರು. ದೊಡ್ಡಮ್ಮ ಕುಂಡವನ್ನು ಅವರ ಮುಂದಿಟ್ಟಳು.

"ಎಷ್ಟು ಬರೆದಿದ್ರಿ?"

"ಹರಿದ ಚೀಟಿ ಲೆಕ್ಕಕ್ಕಿಲ್ಲ."

"ಸಂಘಕ್ಕೆ ಲೆಕ್ಕಕ್ಕಿಲ್ಲ. ಕೇಳ್ತಿರೋದು ನಾನು."

ಅವರು ಮತ್ತೆ ಹೂವನ್ನು ನೋಡತೊಡಗಿದರು. ಅವಳು ನಿಂತೇ ಇದ್ದಳು. ಈಗಲೂ ಎದ್ದು ಹೋಗಿಬಿಟ್ಟರೆ ಇವಳು ಇನ್ನೆಂದೂ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಎಪ್ಪತ್ತೆಂಟು" ಎಂದರು ಕೊನೆಗೆ. "ಕತ್ತಿಗೆ ಐದು ಹಿಡಿದ ಮೇಲೂ ಎಪ್ಪತ್ತೆಂಟು. ಇಷ್ಟು ನಾನು ಯಾರಿಗೂ ಹಾಕಿಲ್ಲ." ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆದ್ರೆ ಈಗ ನಿನ್ನದು ಅಂತ ಗೊತ್ತಾಯ್ತಲ್ಲ, ಇನ್ನೆರಡು ಕಳೀಬೇಕು ಅನ್ನಿಸ್ತಿದೆ. ಹೂವು ಅದೇ. ಯಾಕೆ ಹಾಗನ್ನಿಸುತ್ತೋ ಗೊತ್ತಿಲ್ಲ."

"ನನಗೆ ಗೊತ್ತು" ಎಂದಳು ದೊಡ್ಡಮ್ಮ. "ಮೂವತ್ತು ವರ್ಷದಿಂದ ಕಳೀತಾನೇ ಇದ್ದೀರಿ."

ದೊಡ್ಡಪ್ಪ ಜೇಬಿಗೆ ಕೈ ಹಾಕಿ ಪೆನ್ಸಿಲ್ ತೆಗೆದರು, ಅಂಗಡಿಯ ಚೀಟಿಯೊಂದರ ಹಿಂದೆ ಎಪ್ಪತ್ತೆಂಟು ಎಂದು ಬರೆದು ಸಹಿ ಹಾಕಿದರು. ಅದನ್ನು ಹೆಂಡತಿಯ ಕಡೆ ಸರಿಸುವಾಗ ತಲೆ ಎತ್ತಲಿಲ್ಲ.