ಅಶ್ವಿನಿಯ ರಾಕೆಟ್‌ಗೆ ಐವತ್ತೆಂಟು ಪೌಂಡ್

2000ನೇ ಇಸವಿಯಲ್ಲಿ ನನಗೆ ನಲವತ್ತೊಂದು ವರ್ಷ. ಚೆನ್ನೈನ ಟಿ. ನಗರದಲ್ಲಿ, ಸೀರೆ ಅಂಗಡಿಗಳ ಹಿಂದಿನ ಬೀದಿಯಲ್ಲಿ, ಅಪ್ಪ ಬಿಟ್ಟುಹೋದ ಕ್ರೀಡಾ ಸಾಮಗ್ರಿಯ ಅಂಗಡಿ ನನ್ನದಾಗಿತ್ತು. ಕೇರಂ ಬೋರ್ಡು, ಕ್ರಿಕೆಟ್ ಚೆಂಡು ಎಲ್ಲವೂ ಅಲ್ಲಿದ್ದವು, ಆದರೆ ನನ್ನ ನಿಜವಾದ ಕೆಲಸ ಒಳಗಿನ ಕೋಣೆಯಲ್ಲಿ. ಟೆನಿಸ್ ರಾಕೆಟ್‌ಗಳಿಗೆ ಸ್ಟ್ರಿಂಗ್ ಹಾಕುವುದು, ಆಟಗಾರರ ಕೈಗೆ, ಆಟದ ಶೈಲಿಗೆ ತಕ್ಕಂತೆ ರಾಕೆಟ್ಟನ್ನು ತಿದ್ದಿಕೊಡುವುದು. ಹೊಸಬರು ಬಂದರೆ ಕೌಂಟರಿನಲ್ಲಿ ನನ್ನನ್ನು ನೋಡಿ, ಸ್ಟ್ರಿಂಗ್ ಹಾಕುವವರು ಎಲ್ಲಿ ಎಂದು ಕೇಳುತ್ತಿದ್ದರು. ಹೆಂಗಸು ಈ ಕೆಲಸ ಮಾಡುತ್ತಾಳೆಂದು ನಂಬುವುದಕ್ಕೆ ಅವರಿಗೆ ಕಷ್ಟ. ನನಗೋ ಕೋಪ ಮೂಗಿನ ತುದಿಯಲ್ಲೇ. ಅಂಥವರಿಗೆ ಉತ್ತರ ಕೊಡದೆ ಅವರ ರಾಕೆಟ್ಟನ್ನು ತಕ್ಕಡಿಗೆ ಹಾಕಿ, ತೂಕವನ್ನು ಗ್ರಾಂ ಲೆಕ್ಕದಲ್ಲಿ ಹೇಳಿ, ಅವರ ಬಾಯಿ ಮುಚ್ಚಿಸುತ್ತಿದ್ದೆ.

ನಾವು ನಾಲ್ಕು ತಲೆಮಾರಿನಿಂದ ಮದ್ರಾಸಿನವರು. ಮನೆಯಲ್ಲಿ ಕನ್ನಡ, ಅದರಲ್ಲಿ ಅರ್ಧ ತಮಿಳು. ಅಪ್ಪ ಕಲಿಸಿದ ವಿದ್ಯೆಯಲ್ಲಿ ಒಂದು ಪದ್ಧತಿಯಿತ್ತು. ಸ್ಟ್ರಿಂಗನ್ನು ಎಷ್ಟು ಬಿಗಿಯಾಗಿ ಎಳೆದು ಕಟ್ಟಬೇಕು ಎನ್ನುವುದನ್ನು ಪೌಂಡಿನಲ್ಲಿ ಹೇಳುತ್ತಾರೆ. ಆಟಗಾರ ಐವತ್ತಾರು ಪೌಂಡ್ ಕೇಳಿದರೆ ಅಪ್ಪ ಐವತ್ತೆಂಟು ಹಾಕುತ್ತಿದ್ದರು. ನಮ್ಮ ಊರಿನ ಬಿಸಿಲಿಗೆ, ಬೆವರಿಗೆ, ಕಾರಿನ ಡಿಕ್ಕಿಯೊಳಗಿನ ಕಾವಿಗೆ ನೈಲಾನ್ ಸ್ಟ್ರಿಂಗ್ ಎರಡೇ ದಿನದಲ್ಲಿ ಸಡಿಲವಾಗುತ್ತದೆ ಎಂದು ಮೊದಲೇ ಎರಡು ಪೌಂಡ್ ಜಾಸ್ತಿ. ಮದ್ರಾಸಿನ ಹಳೆಯ ಸ್ಟ್ರಿಂಗರ್‌ಗಳೆಲ್ಲ ಹೀಗೇ ಮಾಡುತ್ತಿದ್ದರು. ನಾನೂ ಇಪ್ಪತ್ತು ವರ್ಷ ಮಾಡಿದೆ. ಯಾರೂ ದೂರಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಸದಾನಂದ ರಾಯರು ಮಗಳನ್ನು ಕರೆದುಕೊಂಡು ಬಂದರು. ಉಡುಪಿ ಕಡೆಯವರು. ಎಗ್ಮೋರಿನ ಒಂದು ಟೆನಿಸ್ ಕ್ಲಬ್ಬಿನಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು. ಮಗಳು ಅಶ್ವಿನಿ ಶಾಲೆ ಮುಗಿಸಿ ಕ್ಯಾಂಟೀನಿಗೆ ಬಂದು, ಕೋರ್ಟಿನ ಪಕ್ಕದಲ್ಲಿ ಹೋಂವರ್ಕ್ ಮಾಡುತ್ತಾ, ಯಾರೋ ಬಿಟ್ಟ ರಾಕೆಟ್ಟಿನಲ್ಲಿ ಗೋಡೆಗೆ ಹೊಡೆಯುತ್ತಾ ಬೆಳೆದವಳು. ಅದನ್ನು ನೋಡಿದ ಕ್ಲಬ್ಬಿನ ಕೋಚ್ ಅವಳಿಗೆ ಆಟ ಕಲಿಸಿದರು. ಹದಿನಾಲ್ಕರ ಹುಡುಗಿ ಆಗಲೇ ಹದಿನಾರರೊಳಗಿನವರ ಪಂದ್ಯಗಳಲ್ಲಿ ಸೆಮಿಫೈನಲ್ ಮುಟ್ಟುತ್ತಿದ್ದಳು. ತೆಳ್ಳಗೆ, ಉದ್ದ ತೋಳು, ಮಾತು ಕಡಿಮೆ. ಅಪ್ಪ ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ದೊಡ್ಡವರ ರಾಕೆಟ್ಟಿಗೆ ಬದಲಾಗುವ ಸಮಯ ಬಂದಿತ್ತು, ಅದಕ್ಕೇ ನನ್ನ ಹತ್ತಿರ ಬಂದದ್ದು.

ಹೊಸ ರಾಕೆಟ್ ಆರಿಸುವುದಕ್ಕೆ ನನ್ನದೊಂದು ಕ್ರಮವಿತ್ತು. ಮೂರು ರಾಕೆಟ್‌ಗಳ ಹೆಸರು, ಬಣ್ಣ ಕಾಣದಂತೆ ಕಪ್ಪು ಟೇಪ್ ಸುತ್ತಿ, ಒಂದೊಂದನ್ನು ಒಂದೊಂದು ದಿನ ಆಡಲು ಕೊಡುತ್ತಿದ್ದೆ. ಹೆಸರು ನೋಡಿ ಕೈ ಮೋಸ ಹೋಗಬಾರದಲ್ಲ. ಮೊದಲನೆಯದು 285 ಗ್ರಾಂ, ಚೆಂಡು ಬಡಿದಾಗ ಚೂರು ಬಾಗುವ ಮೆತ್ತನೆ ಫ್ರೇಮ್. ಎರಡನೆಯದು 300 ಗ್ರಾಂ, ಮಧ್ಯಮ. ಮೂರನೆಯದು 310 ಗ್ರಾಂ, ಬಾಗದ ಗಡಸು ಫ್ರೇಮ್. ಗಡಸು ಫ್ರೇಮಿನಲ್ಲಿ ಚೆಂಡಿಗೆ ವೇಗ ಜಾಸ್ತಿ, ಆದರೆ ಹೊಡೆತದ ಅದುರು ನೇರ ತೋಳಿಗೆ ಬರುತ್ತದೆ. ಕೈಗೆ ಹಿತವಾದದ್ದು, ಆಟಕ್ಕೆ ಒದಗುವುದು, ಇವೆರಡೂ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ. ನಡುವೆ ಒಂದು ಜಾಗ ಹುಡುಕುವುದೇ ನಮ್ಮ ಕೆಲಸ.

ಮೂರು ದಿನವಾದ ಮೇಲೆ ಅಶ್ವಿನಿ ಮೊದಲನೆಯದನ್ನು ಮುಟ್ಟಿ ತೋರಿಸಿದಳು. ಆದರೆ ಅವಳ ಆಟ ಬೇರೆ ಮಾತು ಹೇಳುತ್ತಿತ್ತು. ಬೇಸ್‌ಲೈನ್, ಅಂದರೆ ಕೋರ್ಟಿನ ಕೊನೆಯ ಗೆರೆಯ ಮೇಲೇ ನಿಂತು, ಚೆಂಡು ಪುಟಿದು ಏಳುವಾಗಲೇ ಸ್ಪಿನ್ ಇಲ್ಲದೆ ನೇರವಾಗಿ ಬಾರಿಸುವವಳು. ಮೂರನೆಯದರಲ್ಲಿ ಅವಳ ಚೆಂಡು ಗುಂಡಿನ ಹಾಗೆ ಹೋಗುತ್ತಿತ್ತು. ಕೋಚ್ ಅದನ್ನೇ ಬಯಸಿದರು, ನಾನೂ ಅದನ್ನೇ ಬಯಸಿದೆ. ಒಬ್ಬೊಬ್ಬ ಆಟಗಾರರಿಗೂ ನಾನು ಇಡುತ್ತಿದ್ದ ಕಾರ್ಡಿನಲ್ಲಿ ಅವಳ ಆಯ್ಕೆಯನ್ನು ಬರೆದುಕೊಂಡು, ಕೊಟ್ಟದ್ದು ಮಾತ್ರ ಮೂರನೆಯದನ್ನು.

ಆಗಷ್ಟೇ ಪಾಲಿಯೆಸ್ಟರ್ ಸ್ಟ್ರಿಂಗ್ ನಮ್ಮ ಕಡೆ ಬಂದಿತ್ತು. ನೈಲಾನಿಗಿಂತ ಗಡಸು, ಬೇಗ ಹರಿಯುವುದಿಲ್ಲ, ಜೋರಾಗಿ ಹೊಡೆಯುವವರಿಗೆ ಹೇಳಿ ಮಾಡಿಸಿದ್ದು. ಪೆಟ್ಟಿಗೆಯೊಳಗೆ ಒಂದು ಚೀಟಿ ಇತ್ತು. ನೈಲಾನಿಗೆ ಹಾಕುವುದಕ್ಕಿಂತ ನೂರಕ್ಕೆ ಹತ್ತರಷ್ಟು ಕಡಿಮೆ ಬಿಗಿ ಹಾಕಿ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಓದಿದೆ. ಓದಿಲ್ಲ ಎಂದು ಸುಳ್ಳು ಹೇಳಲಾರೆ. ಚಳಿ ದೇಶದವರು ಬರೆದದ್ದು, ಮದ್ರಾಸಿನ ಬಿಸಿಲು ಇವರಿಗೇನು ಗೊತ್ತು ಎಂದು ಚೀಟಿಯನ್ನು ಬುಟ್ಟಿಗೆ ಎಸೆದೆ. ಅಶ್ವಿನಿಯ ಕಾರ್ಡಿನಲ್ಲಿ ಐವತ್ತಾರು ಇತ್ತು. ಐವತ್ತೊಂದರ ಆಸುಪಾಸಿನಲ್ಲಿ ಇರಬೇಕಾಗಿದ್ದ ಜಾಗದಲ್ಲಿ ಅಪ್ಪನ ಎರಡು ಪೌಂಡನ್ನೂ ಸೇರಿಸಿ ಐವತ್ತೆಂಟು ಎಳೆದೆ. ಗಡಸು ಫ್ರೇಮ್, ಗಡಸು ಸ್ಟ್ರಿಂಗ್, ಅದರ ಮೇಲೆ ಈ ಬಿಗಿ. ಹದಿನಾಲ್ಕು ವರ್ಷದ ಎಳೆ ಮೂಳೆಗೆ.

ಅವಳು ಗೆಲ್ಲತೊಡಗಿದಳು. ಅದೇ ನನ್ನ ಕಣ್ಣು ಕಟ್ಟಿದ್ದು. ಜನವರಿಯಲ್ಲಿ ಒಂದು ಕಪ್, ಫೆಬ್ರವರಿಯಲ್ಲಿ ಇನ್ನೊಂದು. ರಾಯರು ಕ್ಯಾಂಟೀನಿನಿಂದ ಮೈಸೂರುಪಾಕು ಕಟ್ಟಿಸಿಕೊಂಡು ಬಂದು, ಎಲ್ಲಾ ನಿಮ್ಮ ಕೈಗುಣ ಎಂದರು. ನಾನು ಉಬ್ಬಿಹೋದೆ.

ಫೆಬ್ರವರಿಯ ಕೊನೆಯಲ್ಲಿ ಅಶ್ವಿನಿ ಒಬ್ಬಳೇ ಬಂದಳು. ಕೌಂಟರಿನ ಮೇಲೆ ರಾಕೆಟ್ ಇಟ್ಟು, ಬಲ ಮೊಣಕೈಯ ಹೊರಬದಿಯನ್ನು ಹಿಡಿದು, "ಕೈ ಒರು ಮಾದಿರಿ ಇರುಕ್ಕು ಆಂಟಿ" ಅಂದಳು. ಕೈ ಒಂಥರಾ ಆಗುತ್ತಿದೆ ಎಂದು. ನಾನು ಸ್ಟ್ರಿಂಗನ್ನು ಅಂಗೈಯಿಂದ ತಟ್ಟಿ ಕೇಳಿದೆ. ಠಣ್ ಎಂದಿತು. ಈ ಸದ್ದೇ ಕಾರಣ ಎಂದುಕೊಂಡು ಡ್ಯಾಂಪನರ್ ಹಾಕಿದೆ. ಅದು ಸ್ಟ್ರಿಂಗ್‌ಗಳ ನಡುವೆ ಸಿಕ್ಕಿಸುವ ಸಣ್ಣ ರಬ್ಬರ್ ತುಂಡು. ಹಿಡಿಗೆ ದಪ್ಪನೆಯ ಮೆತ್ತೆ ಸುತ್ತಿದೆ. ಅವಳು ಹೊರಗೆ ಹೋಗಿ ಗೋಡೆಗೆ ನಾಲ್ಕು ಹೊಡೆದು ಬಂದು, ಈಗ ಪರವಾಗಿಲ್ಲ ಎಂದಳು. ಡ್ಯಾಂಪನರ್ ಸ್ಟ್ರಿಂಗಿನ ಸದ್ದನ್ನು ಮಾತ್ರ ನಿಲ್ಲಿಸುತ್ತದೆ, ಫ್ರೇಮಿನಿಂದ ತೋಳಿಗೆ ಹೋಗುವ ಏಟನ್ನು ಒಂದು ಚೂರೂ ತಗ್ಗಿಸುವುದಿಲ್ಲ. ಇದು ನನ್ನ ವೃತ್ತಿಯ ಮೊದಲ ಪಾಠ. ನಾನೇ ಎಷ್ಟೋ ಜನರಿಗೆ ಬೈದು ಹೇಳಿದ ಪಾಠ. ಕಿವಿಗೆ ಮೆತ್ತಗೆ ಕೇಳಿದರೆ ಕೈಗೂ ಮೆತ್ತಗಾಯಿತು ಎಂದು ಆಟಗಾರರಿಗೆ ಅನ್ನಿಸುತ್ತದೆ. ಆ ಮಗುವಿಗೂ ಹಾಗೇ ಅನ್ನಿಸಿತು, ಮತ್ತು ನಾನು ಅನ್ನಿಸಗೊಟ್ಟೆ.

ಎರಡನೆಯ ಸಲ ಜುಲೈನಲ್ಲಿ. ದೊಡ್ಡ ಪಂದ್ಯಾವಳಿಯ ಹಿಂದಿನ ದಿನ, ನನ್ನ ಮುಂದೆ ಹದಿನೆಂಟು ರಾಕೆಟ್‌ಗಳ ಸಾಲು. ಈ ಸಲ ಅವಳ ಜೊತೆ ರಾಯರೂ ಇದ್ದರು. ನೀರಿನ ಕೊಡ ಎತ್ತಿದರೆ ಕೈ ನೋಯುತ್ತದೆ, ಸ್ಟ್ರಿಂಗನ್ನು ಸ್ವಲ್ಪ ಸಡಿಲ ಮಾಡಿ ಎಂದು ಅವಳೇ ಕೇಳಿದಳು. ಬಿಗಿಯ ವಿಷಯ ನನಗೆ ಪಾಠ ಹೇಳಲು ಬಂದಳಲ್ಲ ಎಂದು ನನಗೆ ರೇಗಿತು. ಸಡಿಲ ಮಾಡಿದರೆ ಚೆಂಡು ಗೆರೆ ದಾಟಿ ಹೋಗುತ್ತದೆ, ನಾಳೆ ಸೋತರೆ ನನ್ನನ್ನು ಕೇಳಬೇಡ ಎಂದುಬಿಟ್ಟೆ. ರಾಯರು ನನ್ನ ಮುಖ ನೋಡಿ, ಅವಳ ಮುಖ ನೋಡಿ, "ಗೆಲ್ತಾ ಉಂಟಲ್ಲ ಮಗಾ, ಈಗ ಬದಲಾಯಿಸೂದು ಬೇಡ" ಅಂದರು. ಅವಳು ಆಗಲಿ ಎಂದು ತಲೆಯಾಡಿಸಿದಳು. ರಾಕೆಟ್ ಅದುರದಿರಲಿ ಎಂದು ಫ್ರೇಮಿನ ಎರಡು ಬದಿಗೆ ಎರಡೆರಡು ಗ್ರಾಂ ಸೀಸದ ಪಟ್ಟಿ ಅಂಟಿಸಿ ಕಳಿಸಿದೆ. ಆ ಪಂದ್ಯಾವಳಿಯನ್ನೂ ಅವಳು ಗೆದ್ದಳು.

ಅಕ್ಟೋಬರಿನಲ್ಲಿ ಒಂದು ಫೈನಲ್ಲಿನ ಎರಡನೇ ಸೆಟ್ಟಿನಲ್ಲಿ ಸರ್ವ್ ಮಾಡಲು ಕೈ ಎತ್ತಿದವಳು ಅಲ್ಲೇ ಕುಳಿತುಬಿಟ್ಟಳಂತೆ. ಮೊಣಕೈ ಮಡಚಿದ್ದು ಬಿಚ್ಚಲಾಗಲಿಲ್ಲ. ಸ್ಕ್ಯಾನಿನಲ್ಲಿ, ಕೀಲಿನೊಳಗಿನ ಮೂಳೆಯ ಒಂದು ಚೂರು ಮೃದ್ವಸ್ಥಿಯ ಸಮೇತ ಕಿತ್ತು ಬಂದಿರುವುದು ಕಂಡಿತು. ಬೆಳೆಯುವ ಮಕ್ಕಳ ಮೂಳೆಗೆ ತಡೆಯಲಾರದ ಏಟು ಮತ್ತೆ ಮತ್ತೆ ಬಿದ್ದರೆ ಹೀಗಾಗುತ್ತದೆಂದು ಡಾಕ್ಟರು ಹೇಳಿದರಂತೆ. ಅಭ್ಯಾಸದ ಗಂಟೆಗಳು, ಸರ್ವ್, ವಯಸ್ಸು, ರಾಕೆಟ್, ಯಾವುದು ಎಷ್ಟು ಕಾರಣ ಎಂದು ಹೇಳಲಾಗದು ಎಂದರಂತೆ. ಆಪರೇಷನ್ ಆಯಿತು. ಆ ತೋಳು ಪೂರ್ತಿ ನೆಟ್ಟಗಾಗಲೇ ಇಲ್ಲ. ಅವಳ ಆಟ ಹದಿನೈದಕ್ಕೆ ಮುಗಿಯಿತು.

ಇಷ್ಟನ್ನೂ ನನಗೆ ಹೇಳಿದವರು ರಾಯರೇ, ಅಂಗಡಿಯಲ್ಲಿ ನಿಂತು. ಡಾಕ್ಟರು ಹೇಳಿದ ಕಾರಣಗಳಲ್ಲಿ ರಾಕೆಟ್ ಎಂಬ ಮಾತು ಬಂದಾಗ, ಬುಟ್ಟಿಗೆ ಎಸೆದ ಆ ಚೀಟಿ ನನಗೆ ನೆನಪಾಯಿತು. ಅವರು ಮಾತ್ರ ಅದನ್ನು ಹಾಗೇ ದಾಟಿ ಮುಂದೆ ಹೋದರು. ಹಣೆಬರಹ ಮಾರಾಯ್ರೆ ಎಂದರು. ನಾನು ಕಾಫಿ ತರಿಸಿಕೊಟ್ಟೆ. ಅವರು ಹೋದ ಮೇಲೆ ಸ್ಟ್ರಿಂಗ್ ಎಳೆಯುವ ಮೆಷಿನ್ ಮುಂದೆ ಕುಳಿತೆ, ಆದರೆ ಆ ಇಡೀ ಮಧ್ಯಾಹ್ನ ಫ್ರೇಮಿನ ಒಂದು ತೂತಿಗೂ ಎಳೆ ಪೋಣಿಸಲಾಗಲಿಲ್ಲ.

ಆಮೇಲಿನ ಮೂರೂವರೆ ವರ್ಷದ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅಶ್ವಿನಿ ಗೆಲ್ಲುತ್ತಿದ್ದಾಗಲೇ, ನಾನೇ ಹೆಮ್ಮೆಯಿಂದ ಹೇಳಿಕೊಂಡಿದ್ದ ಅವಳ ಬಿಗಿಯ ನಂಬರ್ ಕ್ಲಬ್ಬಿನ ಮಕ್ಕಳ ಬಾಯಿಗೆ ಬಿದ್ದಿತ್ತು. ಅಶ್ವಿನಿ ಅಕ್ಕನ ಹಾಗೇ ಐವತ್ತೆಂಟು ಹಾಕಿ ಎಂದು ಅಪ್ಪ ಅಮ್ಮಂದಿರು ಮಕ್ಕಳ ರಾಕೆಟ್ ತಂದುಕೊಡುತ್ತಿದ್ದರು. ಅವಳ ಕೈ ಹೋದ ಮೇಲೂ ಅದು ನಿಲ್ಲಲಿಲ್ಲ, ಏಕೆಂದರೆ ಯಾವುದರಿಂದ ಹೋಯಿತು ಎಂದು ಅವರಿಗೆ ಹೇಳಿದವರಿಲ್ಲ. ನಾನು ಕಾರ್ಡಿನಲ್ಲಿ ಐವತ್ತೆಂಟು ಎಂದು ಬರೆದು ಮೆಷಿನಿನಲ್ಲಿ ನಲವತ್ತೊಂಬತ್ತು ಎಳೆಯುತ್ತಿದ್ದೆ. ಮಕ್ಕಳ ಕೈ ಉಳಿಸಿದೆ ಎಂದು ಸಮಾಧಾನ ಮಾಡಿಕೊಂಡೆ. ಉಳಿಸಿಕೊಂಡದ್ದು ನನ್ನ ಮರ್ಯಾದೆಯನ್ನು. ನಿಜ ಹೇಳಿದ್ದರೆ ಬೇರೆ ಅಂಗಡಿಗಳಲ್ಲಿ ಅದೇ ಬಿಗಿ ಹಾಕಿಸಿಕೊಳ್ಳುತ್ತಿದ್ದ ಮಕ್ಕಳೂ ಉಳಿಯುತ್ತಿದ್ದರು. ಅವರಲ್ಲಿ ಯಾರ ಕೈ ಏನಾಯಿತೋ ನನಗೆ ಇವತ್ತಿಗೂ ತಿಳಿಯದು.

2005ರ ಮೇ ತಿಂಗಳಲ್ಲಿ ರಾಯರು ಮತ್ತೆ ಬಂದರು. ಎರಡನೇ ಮಗಳು ಆಟಕ್ಕೆ ಇಳಿದಿದ್ದಳು. ಹನ್ನೊಂದು ವರ್ಷ. ಅವಳ ರಾಕೆಟ್ಟನ್ನು ನನ್ನ ಕೈಗೆ ಕೊಟ್ಟು, ಅಕ್ಕನದ್ದೇ ಸ್ಟ್ರಿಂಗ್, ಅಕ್ಕನದ್ದೇ ನಂಬರ್ ಹಾಕಿ, ಅವಳು ಗೆದ್ದದ್ದೆಲ್ಲ ಅದರಲ್ಲೇ, ನಮ್ಮ ಮನೆಗೆ ಆಗಿಬಂದದ್ದು ಅದು ಎಂದರು. ಕಾರ್ಡಿನಲ್ಲಿ ಒಂದು ಬರೆದು ಮೆಷಿನಿನಲ್ಲಿ ಇನ್ನೊಂದು ಎಳೆಯುವುದು ನನಗೆ ಆ ಹೊತ್ತಿಗೆ ಅಭ್ಯಾಸವಾಗಿತ್ತು. ಆ ದಿನ ಆಗಲಿಲ್ಲ. ರಾಕೆಟ್ಟನ್ನು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಚೀಟಿ, ಐವತ್ತೆಂಟು, ರಬ್ಬರ್ ತುಂಡು, ಜುಲೈನಲ್ಲಿ ನಾನು ಆಡಿದ ಮಾತು. ಹೇಳುವಾಗ ಅತ್ತೆ. ನಾಚಿಕೆಯಿಂದ ಅತ್ತೆ.

ರಾಯರು ಕೂಗಾಡುತ್ತಾರೆಂದುಕೊಂಡಿದ್ದೆ. ಅವರು ಸ್ಟೂಲಿನ ಮೇಲೆ ಕುಳಿತು, ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. ಆಮೇಲೆ ಎದ್ದು ಹೇಳಿದರು.

"ನನ್ನತ್ರ ಹೇಳಿ ಎಂತ ಮಾಡೂದು? ಕೈ ಹೋದದ್ದು ಅವಳದ್ದು. ಅವಳತ್ರ ಬಂದು ಹೇಳಿ."

ಮುಂದಿನ ಭಾನುವಾರ ಎಲೆಕ್ಟ್ರಿಕ್ ಟ್ರೈನು ಹಿಡಿದು ತಾಂಬರಂನಲ್ಲಿದ್ದ ರಾಯರ ಮನೆಗೆ ಹೋದೆ. ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆ, ಮೊದಲ ಮಹಡಿಯ ಬಾಡಿಗೆ ಮನೆ. ಬಾಗಿಲು ತೆಗೆದವಳು ಅಶ್ವಿನಿಯೇ. ಹತ್ತೊಂಬತ್ತು ವರ್ಷ, ಬಿ.ಕಾಂ. ಓದುತ್ತಿದ್ದಳು. ಚಿಲಕವನ್ನು ಎಡಗೈಯಲ್ಲಿ ತೆಗೆದಳು. ಬಲಗೈ ಮೊಣಕೈಯಲ್ಲಿ ಸ್ವಲ್ಪ ಮಡಚಿಕೊಂಡೇ ಇತ್ತು. ರಾಯರು ಒಳಗೆ ಕುಳಿತಿದ್ದರು, ಮಗಳಿಗೆ ಏನೂ ಹೇಳಿರಲಿಲ್ಲ. ನಾನು ನಿಂತುಕೊಂಡೇ ಹೇಳಿದೆ. ಟ್ರೈನಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳು ಕೈಕೊಟ್ಟವು. ತಪ್ಪು ನನ್ನದು, ಬಿಗಿ ಜಾಸ್ತಿ ಹಾಕಿದೆ, ಅದು ನಿನ್ನ ಕೈಗೆ ಏಟು ಕೊಡುತ್ತಿತ್ತು, ನನಗೆ ತಿಳಿಯಬೇಕಿತ್ತು ಎಂದೆ. ಕ್ಷಮಿಸು ಎಂದು ಕೇಳುವಷ್ಟು ಮುಖ ನನಗಿರಲಿಲ್ಲ.

ಅವಳು ಕೇಳಿಸಿಕೊಂಡಳು. ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅಷ್ಟು ವರ್ಷದಲ್ಲಿ ನನ್ನೊಡನೆ ಒಂದು ಮಾತನ್ನೂ ಕನ್ನಡದಲ್ಲಿ ಆಡದಿದ್ದವಳು, ಅಪ್ಪನಿಗೂ ನನಗೂ ಒಟ್ಟಿಗೇ ಹೇಳುವಂತೆ ಕನ್ನಡದಲ್ಲಿ ಹೇಳಿದಳು.

"ನಾನು ಹೇಳಿದ್ದೆ ಅಲ್ವಾ ಆಂಟಿ? ಎರಡು ಸಲ ಹೇಳಿದ್ದೆ."

ರಾಯರು ತಲೆ ತಗ್ಗಿಸಿದರು. ಅವಳು ನನಗೆ ನೀರು ತಂದುಕೊಟ್ಟಳು, ಎಡಗೈಯಲ್ಲಿ. ನಾನು ಕುಡಿದು ಎದ್ದೆ.

ಮಾರನೆಯ ದಿನ ಕ್ಲಬ್ಬಿನ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರು ಹಾಕಿ ಎಲ್ಲವನ್ನೂ ಬರೆದು ಅಂಟಿಸಿದೆ. ಅರ್ಧ ಗಿರಾಕಿಗಳು ಹೋದರು. ಹೋಗಲಿ. ಅಂಗಡಿ ಮುಚ್ಚುವವರೆಗೂ ಕೆಲಸ ಮಾಡಿದೆ, ಕೈ ನೋಯುತ್ತದೆ ಎಂದವರ ರಾಕೆಟ್ಟನ್ನು ತಕ್ಕಡಿಗೆ ಹಾಕುವ ಮೊದಲು ಎಲ್ಲಿ, ಎಂದಿನಿಂದ ಎಂದು ಕೇಳುತ್ತಿದ್ದೆ. ರಾಕೆಟ್ ಅಳೆಯಲು ನನ್ನ ಹತ್ತಿರ ನಾಲ್ಕು ಯಂತ್ರಗಳಿದ್ದವು. ಹಿತವನ್ನು ಅಳೆಯಲು ಆಡುವವರ ಕೈ ಬಿಟ್ಟು ಬೇರೆ ಯಂತ್ರವಿಲ್ಲ, ಆ ಕೈ ಏನಾದರೂ ಹೇಳಿದರೆ ಅಲ್ಲಿಗೇ ಕೆಲಸ ನಿಲ್ಲಿಸಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಇದನ್ನು ನಾನು ಕಲಿತದ್ದು ಅಶ್ವಿನಿಯ ಕೈಯಿಂದ, ಮತ್ತು ಅದರಿಂದ ಅವಳಿಗೆ ಏನೂ ಸಿಗಲಿಲ್ಲ.