ಗಂಧದೆಣ್ಣೆಯ ಸೀಸೆ ಹಿಡಿದು ಅಂಜನಾಪುರಕ್ಕೆ

ಬೆಳಗ್ಗೆ ಒಂಬತ್ತೂವರೆಗೆ ಶ್ರೀನಗರದ ಮನೆ ಬಿಡುವಾಗಲೇ ತಲೆ ಕೆಟ್ಟಿತ್ತು. ಮನೆಯಲ್ಲೇ ಸೋಪು ಮಾಡಿ ಮಾರುವ ನಾನು ಹನ್ನೆರಡು ವರ್ಷದಿಂದ ಗಂಧದೆಣ್ಣೆ ಕೊಳ್ಳುತ್ತಿದ್ದುದು ಮಹೇಶಪ್ಪನವರ ಹತ್ತಿರವೇ. ಈ ಸಲದ ಸೀಸೆಯನ್ನು ಹತ್ತು ಬಾರಿ ಮೂಸಿದರೂ ವಾಸನೆಯಿಲ್ಲ. ಕಲಬೆರಕೆ ಎಂದು ಸೋಪು ಮಾಡುವವರ ವಾಟ್ಸಾಪ್ ಗುಂಪಿನಲ್ಲಿ ಹಾಕಿಬಿಟ್ಟೆ. ಮಹೇಶಪ್ಪನವರ ಗಿರಾಕಿಗಳು ಒಬ್ಬೊಬ್ಬರಾಗಿ ಅವರನ್ನು ಕೈಬಿಟ್ಟರು. "ಲ್ಯಾಬಿಗೆ ಹೋಗೋಣ ಮೇಡಂ, ನೀವೇ ಸೀಲ್ ಮಾಡ್ಕೊಂಡು ಬನ್ನಿ" ಎಂದು ಮಹೇಶಪ್ಪ ಪಟ್ಟು ಹಿಡಿದರು.

ಬನಶಂಕರಿ ಮೆಟ್ರೊವರೆಗೆ ಆಟೊ. ಮೀಟರ್ ಮೇಲೆ ನಲವತ್ತು ಕೊಟ್ಟರೂ ಅಗೆದ ರಸ್ತೆಯಲ್ಲಿ ಇಪ್ಪತ್ತು ನಿಮಿಷ ನಿಂತೆವು. ಪಕ್ಕದಲ್ಲಿ ಕೂತ ಮಹೇಶಪ್ಪ ಮುಖ ಬಿಗಿದುಕೊಂಡು ರಸ್ತೆ ನೋಡುತ್ತಿದ್ದರು. ವಾಜರಹಳ್ಳಿಯಲ್ಲಿ ಮೆಟ್ರೊ ಇಳಿದು ಮತ್ತೊಂದು ಆಟೊ ಹಿಡಿದರೆ, ಹಾಳಾದ ಮ್ಯಾಪು ಅಂಜನಾಪುರದ ಒಂದು ಖಾಲಿ ಸೈಟಿಗೇ ಎರಡೆರಡು ಸಲ ಕರೆದೊಯ್ದಿತು. ಲ್ಯಾಬು ಸಿಕ್ಕಾಗ ಹನ್ನೆರಡಾಗಿತ್ತು. ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು.

ಒಂದು ಗಂಟೆ ಕಾಯಿಸಿದ ಮೇಲೆ ಲ್ಯಾಬಿನಾಕೆ ಕಾಗದ ತಂದರು. ಎಣ್ಣೆಯಲ್ಲಿರುವ ಒಂದೊಂದು ರಾಸಾಯನಿಕವನ್ನೂ ಯಂತ್ರ ಬೇರೆ ಮಾಡಿ, ಬೆಟ್ಟದ ತುದಿಗಳಂತೆ ಏರಿಳಿಯುವ ಗೆರೆ ಎಳೆದಿತ್ತು. "ಈ ಎತ್ತರದ್ದು ಆಲ್ಫಾ ಸ್ಯಾಂಟಲಾಲ್, ಇದು ಬೀಟಾ. ಗಂಧದ ವಾಸನೆ ಮುಖ್ಯವಾಗಿ ಬೀಟಾದಿಂದ. ಎರಡೂ ಸರಿಯಾಗಿವೆ. ಅಪ್ಪಟ ಎಣ್ಣೆ."

"ಮತ್ತೆ ನನಗ್ಯಾಕೆ ವಾಸನೆ ಬರ್ಲಿಲ್ಲ?" ಎಂದು ರೇಗಿದೆ.

"ಎಲ್ಲಿ ಮೂಸಿದ್ರಿ?"

"ಈ ಸಲ ಸೋಪ್ ಒಣಗಿಸೋ ರೂಮಲ್ಲೇ ಮೂಸ್ದೆ."

"ಅಲ್ಲಿ ಪೂರ್ತಿ ಗಂಧದ ಸೋಪೇ ಅಲ್ವಾ? ದಿನವಿಡೀ ಅದ್ರಲ್ಲೇ ಇದ್ರೆ ಮೂಗಿಗೆ ಗೊತ್ತೇ ಆಗಲ್ಲ ಮೇಡಂ. ಈಗ ನೋಡಿ."

ಮುಚ್ಚಳ ತೆಗೆದರು. ಘಮ್ಮೆಂದಿತು. ಇಷ್ಟು ವರ್ಷ ಇದೇ ಕೆಲಸ ಮಾಡಿಯೂ ಇಷ್ಟು ತಿಳಿಯಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು, ನಾಚಿಕೆಯೂ ಆಯಿತು.

"ತಪ್ಪಾಯ್ತು ಮಹೇಶಪ್ಪನವರೇ."

"ನನ್ಹತ್ರ ಹೇಳಿದ್ರೆ ಏನ್ ಬಂತು ಮೇಡಂ? ಗ್ರೂಪಲ್ಲಿ ಹೇಳಿ."

ವಾಪಸು ಮೆಟ್ರೊ ಹತ್ತಿದ ತಕ್ಷಣ ರಿಪೋರ್ಟಿನ ಫೋಟೊ ಹಾಕಿ, ತಪ್ಪು ನನ್ನದೇ ಎಂದು ಬರೆದೆ. ಯಲಚೇನಹಳ್ಳಿ ದಾಟುವಷ್ಟರಲ್ಲಿ ಒಬ್ಬಾಕೆಯ ಉತ್ತರ ಬಂತು: "ಕಲಬೆರಕೆ ಅಂದಿದ್ದೂ ನೀವೇ, ಅಪ್ಪಟ ಅನ್ನೋದೂ ನೀವೇ. ಹೀಗೆ ಬರೆಯೋಕೆ ಅವ್ರು ಏನ್ ಕೊಟ್ರು?" ಅದರ ಕೆಳಗೆ ಆಗಲೇ ಆರು ಜನ ಹೆಬ್ಬೆರಳು ಎತ್ತಿದ್ದರು.

ಎದುರಿನ ಸೀಟಿನಿಂದ ಮಹೇಶಪ್ಪ ಮುಂದಕ್ಕೆ ಬಾಗಿದರು. ಬೆಳಗಿನಿಂದ ಮೊದಲ ಬಾರಿಗೆ ಅವರ ಮುಖ ಸ್ವಲ್ಪ ಸಡಿಲಾಗಿತ್ತು.

"ಏನಂತಾರೆ ಮೇಡಂ?"

ಫೋನನ್ನು ಮಡಿಲಲ್ಲಿ ಬೋರಲು ಹಾಕಿದೆ.

"ಇನ್ನೂ ಯಾರೂ ನೋಡಿಲ್ಲ" ಎಂದೆ.