ಇಲ್ಲದ ಹೊಟ್ಟೆನೋವು

ಇದ್ದಿನಬ್ಬ, ಆ ದಿನ ನನಗೆ ಹೊಟ್ಟೆನೋವು ಇರಲಿಲ್ಲ. ಹೆದರಿಕೆ ಇತ್ತು — ಅಷ್ಟೆ.

ನಿನಗೆ ನೆನಪುಂಟಲ್ಲ, ಮಳೆಗಾಲ ಬೇಗ ಬಂದ ಆ ವರ್ಷ? ನೇತ್ರಾವತಿಯ ಕುದ್ರುಗಳಲ್ಲಿ — ಹೊಳೆ ನಡುವಿನ ಆ ನಡುಗಡ್ಡೆಗಳಲ್ಲಿ — ಬೆಳೆದ ಸೌತೆಯನ್ನೆಲ್ಲ ಒಂದೇ ದಿನದಲ್ಲಿ ನಿನ್ನ ದೋಣಿಗೆ ತುಂಬಿ, ಮಳೆಗೆ ಮೊದಲು ಬಂಟ್ವಾಳ ಮುಟ್ಟಿಸಬೇಕಿತ್ತು. ಬೆಳಿಗ್ಗೆಯೇ ನೀನು ಪಡುವಣ ಆಕಾಶ ನೋಡಿ, "ಇವತ್ತು ಬೇಡ ಸೆಟ್ರೇ, ಗಾಳಿ ಸರಿ ಇಲ್ಲ" ಎಂದಿದ್ದೆ. ನಾನು ಬಿಡಲಿಲ್ಲ. ಮೋಡ ಕಂಡರೆ ಬೆಳೆ ಬೆಳೆದವನು ಚೌಕಾಸಿಯಲ್ಲಿ ಬೇಗ ಸೋಲುತ್ತಾನೆ — ವ್ಯಾಪಾರಕ್ಕಿಳಿಯುವವರಿಗೆ ಇವತ್ತಿಗೂ ಈ ಬುದ್ಧಿ ಹೇಳುವುದುಂಟು. ಉಳಿದರ್ಧವನ್ನು ಯಾರಿಗೂ ಹೇಳಿಲ್ಲ.

"ನೀವೂ ಬರ್ತೀರಾ?" ಎಂದು ನೀನು ಕೇಳಿದೆ.

"ಹೋಗುವ ಮಾರಾಯ" ಎಂದೆ ನಾನು.

ನಮ್ಮ ಕಡೆ 'ಹೋಗುವ' ಎಂದರೆ ಹೇಳಿದವನೂ ಅದರೊಳಗೆ ಉಂಟು. ಆ ಒಂದು ಮಾತಿನ ಮೇಲೆ ನೀನು ದೋಣಿ ಬಿಚ್ಚಿದೆ. ದೋಣಿ ತಳ್ಳುವ ಬಿದಿರಿನ ಜಲ್ಲೆ ಎರಡು — ಹಿಂದಿನದು ನಿನಗೆ, ಮುಂದಿನದು ನನಗೆ.

ಕೊನೆಯ ಕುದ್ರುವಿನಲ್ಲಿ ನಾನು ಚೌಕಾಸಿ ಮುಗಿಸುವಷ್ಟರಲ್ಲಿ ಹೊಳೆಯ ಬಣ್ಣವೇ ಬೇರೆ ಆಗಿತ್ತು. ನಾನು ಹೊಟ್ಟೆ ಹಿಡಿದು ಮರಳಲ್ಲಿ ಕೂತೆ.

"ನೀವು ಇಲ್ಲೇ ಮಲಗಿ ಸೆಟ್ರೇ. ನಿಮ್ಮ ಸೌತೆ ನಾನು ಮುಟ್ಟಿಸ್ತೇನೆ" ಎಂದೆ ನೀನು.

ಸೌತೆ ಹಾಳಾಗಲಿ, ನೀನೂ ಇಲ್ಲೇ ನಿಲ್ಲು — ಆ ಮಾತು ನಾಲಗೆಯ ತುದಿಗೆ ಬಂದಿತ್ತು. ಬಂದಿತ್ತು, ಆದರೆ —

ಒಬ್ಬನೇ ಎರಡು ಜಲ್ಲೆ ಹಾಕುವುದು ಹೇಗೆ? ದೋಣಿ ಮಗುಚಿತು. ನೀನು ಈಜಿ ದಡ ಸೇರಿದೆ, ದೋಣಿ ಸಿಗಲಿಲ್ಲ. ಅಂದಿನಿಂದ ನೀನು ಇನ್ನೊಬ್ಬರ ದೋಣಿಯಲ್ಲಿ ಕೂಲಿಗೆ ದುಡಿಯುತ್ತೀ. ಆದರೂ ಮಳೆ ಬಿಟ್ಟ ಮೇಲೆ ನನ್ನ ಅಂಗಡಿಗೆ ಬಂದು ತಲೆ ತಗ್ಗಿಸಿದವನು ನೀನೇ — "ನಿಮ್ಮ ಸೌತೆ ಹೋಯಿತಲ್ಲ ಸೆಟ್ರೇ." ನಾನು "ಹೋಗಲಿ ಬಿಡು" ಎಂದೆ. ದೊಡ್ಡ ಮನುಷ್ಯನ ಹಾಗೆ!

ಈಗಲೂ ಪೇಟೆಯಲ್ಲಿ ಕಂಡರೆ ನಿನ್ನ ಮೊದಲ ಮಾತು, "ಹೊಟ್ಟೆ ಹೇಗುಂಟು ಸೆಟ್ರೇ?" ಗೇಲಿಯೋ ಎಂದು ಎಷ್ಟೋ ಸಲ ನಿನ್ನ ಮುಖ ನೋಡಿದ್ದೇನೆ. ಗೇಲಿಯಲ್ಲ. ಹಬ್ಬಕ್ಕೆ ನಿಮ್ಮಲ್ಲಿಗೆ ಬಂದರೆ ಎಲ್ಲರಿಗೂ ಪಾಯಸ. ನನಗೆ ಮಾತ್ರ ನಿನ್ನ ಹೆಂಡತಿ ಆಮಿನಮ್ಮ ಓಮದ ಕಷಾಯ ಕುದಿಸಿ ಕೊಡುತ್ತಾಳೆ. ಕುಡಿಯುತ್ತೇನೆ. ಪ್ರತಿ ವರ್ಷ ಕುಡಿಯುತ್ತೇನೆ.

ಈ ಹಬ್ಬಕ್ಕೂ ಬರುತ್ತೇನೆ. ಆಮಿನಮ್ಮ ಕಷಾಯಕ್ಕೆ ನೀರಿಡುವ ಮೊದಲೇ, ಇಬ್ಬರ ಮುಖ ನೋಡಿ ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಆಮೇಲೆ ನೀನು ಏನು ಹೇಳಿದರೂ ಸರಿ — ಚೌಕಾಸಿ ಮಾಡುವುದಿಲ್ಲ.